ಯಾವ ವ್ಯಾಂಪೈರ್ ಚಿತ್ರ ನೋಡೋಣ? ಕಟ್ಟಳೆ ನೋಡಿ ಆರಿಸಿ

ವ್ಯಾಂಪೈರ್ ಚಿತ್ರಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಹೆಚ್ಚುಕಮ್ಮಿ ಒಂದೇ. ಅದೇ ಹತ್ತು ಹೆಸರು, ಹಿಂದುಮುಂದಾಗಿ. ಮೊದಲ ಹೆಸರನ್ನೇ ಹಾಕಿಕೊಂಡು ಅರ್ಧ ಗಂಟೆಯಲ್ಲಿ ತೂಕಡಿಸಿದವರು, ‘ಇದನ್ನಾ ಇಷ್ಟು ಹೊಗಳಿದ್ದು’ ಎಂದು ಎದ್ದು ಹೋದವರು ಬೇಕಾದಷ್ಟಿದ್ದಾರೆ. ಮೂಕಿಚಿತ್ರವನ್ನೂ ಹಾಸ್ಯಚಿತ್ರವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇನ್ನೇನಾದೀತು.

ಆರಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿದೆ. ವ್ಯಾಂಪೈರ್ ಅಂದಮೇಲೆ ಒಂದಷ್ಟು ಕಟ್ಟಳೆಗಳಿರುತ್ತವೆ: ಬಿಸಿಲು ತಾಗಬಾರದು, ಕನ್ನಡಿಯಲ್ಲಿ ಕಾಣುವುದಿಲ್ಲ, ಕರೆಯದೆ ಹೊಸ್ತಿಲು ದಾಟುವಂತಿಲ್ಲ, ಬೆಳ್ಳುಳ್ಳಿ ಆಗುವುದಿಲ್ಲ, ರಕ್ತ ಬಿಟ್ಟು ಬೇರೇನೂ ಒಗ್ಗುವುದಿಲ್ಲ, ಸಾವೂ ಇಲ್ಲ. ಎಲ್ಲ ಚಿತ್ರಗಳೂ ಇವೆಲ್ಲವನ್ನೂ ಪಾಲಿಸುವುದಿಲ್ಲ. ಒಂದು ಚಿತ್ರ ಯಾವ ಕಟ್ಟಳೆಯನ್ನು ಮನಸ್ಸಿಟ್ಟು ಹಿಡಿದುಕೊಂಡಿದೆ ಎಂದು ಗೊತ್ತಾದರೆ ಅದರ ಸ್ವಭಾವ ಗೊತ್ತಾದಂತೆ. ಬಿಸಿಲನ್ನು ಹಿಡಿದದ್ದು ಭಯದ ಚಿತ್ರವಾಗುತ್ತದೆ. ಹೊಸ್ತಿಲನ್ನು ಹಿಡಿದದ್ದು ನಂಬಿಕೆಯ ಚಿತ್ರ. ಹಸಿವನ್ನು ಹಿಡಿದರೆ ಪಾಪಪುಣ್ಯ, ಸಾವಿಲ್ಲದಿರುವುದನ್ನು ಹಿಡಿದರೆ ಬೇಸರ. ಇವತ್ತು ರಾತ್ರಿ ನಿಮಗೆ ಯಾವುದು ಬೇಕು, ಜೊತೆಯಲ್ಲಿ ಯಾರು ಕೂರುತ್ತಾರೆ, ಯಾವ ಪರದೆ ಇದೆ, ಇಷ್ಟು ತೀರ್ಮಾನವಾದರೆ ಉಳಿದದ್ದು ಸಲೀಸು.

ಬಿಸಿಲು: ಒಂದೇ ಕಥೆ, ಮೂರು ಚಿತ್ರ

1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ನಿರ್ದೇಶನ ಎಫ್. ಡಬ್ಲ್ಯೂ. ಮುರ್ನೌ, ವ್ಯಾಂಪೈರ್ ಕೌಂಟ್ ಓರ್ಲಾಕ್ ಆಗಿ ಮ್ಯಾಕ್ಸ್ ಶ್ರೆಕ್. ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿಯನ್ನು ಹಕ್ಕು ಪಡೆಯದೆ, ಪಾತ್ರಗಳ ಹೆಸರು ಬದಲಿಸಿ ತೆಗೆದ ಚಿತ್ರ ಇದು. ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಕೇಸು ಹಾಕಿ ಗೆದ್ದರು. ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು, ಅಷ್ಟರಲ್ಲಿ ಹೊರದೇಶಗಳಿಗೆ ಹೋಗಿದ್ದವು ಉಳಿದುಕೊಂಡವು. ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಮ್ಮಿಯಾಗಿರುತ್ತದೆ ಅಷ್ಟೆ. ಬಿಸಿಲು ಬಿದ್ದರೆ ವ್ಯಾಂಪೈರ್ ಸಾಯುತ್ತದೆ ಎನ್ನುವುದು ಶುರುವಾದದ್ದೇ ಈ ಚಿತ್ರದಿಂದ.

ಪ್ರತಿ ಆರಿಸುವಾಗ ಎಡವುವುದೂ ಇಲ್ಲೇ. ಆ ಕಾಲದ ಫಿಲ್ಮಿನಲ್ಲಿ ರಾತ್ರಿಯ ಹೊರಾಂಗಣ ತೆಗೆಯುವುದು ಕಷ್ಟ. ಹಾಗಾಗಿ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ಪ್ರತಿಗೆ ನೀಲಿ ಬಣ್ಣ ಕಟ್ಟುತ್ತಿದ್ದರು. ಒಳಾಂಗಣದ ದೀಪದ ಬೆಳಕಿಗೆ ಹಳದಿ, ರಾತ್ರಿಗೆ ನೀಲಿ. ಬಣ್ಣ ಬಿಟ್ಟುಹೋದ ಬೂದು ಪ್ರತಿಯಲ್ಲಿ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಊರೊಳಗೆ ಬರುವುದು ಮಟಮಟ ಮಧ್ಯಾಹ್ನದಲ್ಲಿ, ನೆಲದ ಮೇಲೆ ನೆರಳು ಬೀಳಿಸಿಕೊಂಡು. ಬಿಸಿಲಿಗೆ ಸಾಯಬೇಕಾದವನು ಬಿಸಿಲಲ್ಲಿ ಹೀಗೆ ತಿರುಗಾಡಿದರೆ ಕ್ಲೈಮ್ಯಾಕ್ಸಿಗೆ ಅರ್ಥವೇ ಉಳಿಯುವುದಿಲ್ಲ. ಹಕ್ಕುಸ್ವಾಮ್ಯ ಇಲ್ಲದ ಚಿತ್ರವಾದ್ದರಿಂದ ಯೂಟ್ಯೂಬಿನಲ್ಲಿ ಇದರ ಪ್ರತಿಗಳು ರಾಶಿ ಬಿದ್ದಿವೆ. ಹಾಕುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಶವಪೆಟ್ಟಿಗೆ ಹೊರುವ ದೃಶ್ಯಕ್ಕೆ ಹೋಗಿ. ನೀಲಿ ಇಲ್ಲದಿದ್ದರೆ ಬೇರೆ ಪ್ರತಿ ಹುಡುಕಿ. ಆಮೇಲೆ ಅವಧಿ: ಸರಿಪಡಿಸಿದ ಪ್ರತಿ ಸುಮಾರು 94 ನಿಮಿಷದ್ದು. ಅರವತ್ತು ಚಿಲ್ಲರೆ ನಿಮಿಷದ್ದು ಸಿಕ್ಕರೆ ಅದು ವೇಗ ಹೆಚ್ಚಿಸಿದ್ದೋ ಕತ್ತರಿಸಿದ್ದೋ ಆಗಿರುತ್ತದೆ. ಮೂಕಿಚಿತ್ರಗಳನ್ನು ಸೆಕೆಂಡಿಗೆ 24ಕ್ಕಿಂತ ಕಮ್ಮಿ ಚೌಕಟ್ಟುಗಳಲ್ಲಿ (ಫ್ರೇಮ್) ತೆಗೆಯುತ್ತಿದ್ದರು. ಈಗಿನ ವೇಗಕ್ಕೆ ಓಡಿಸಿದರೆ ಎಲ್ಲರೂ ತುರುತುರು ಓಡಾಡುವ ಗೊಂಬೆಗಳಾಗುತ್ತಾರೆ, ಹೆದರಬೇಕಾದ ಕಡೆ ನಗು ಬರುತ್ತದೆ.

ಸಂಗೀತ ಪ್ರತಿಯಿಂದ ಪ್ರತಿಗೆ ಬೇರೆ. ಅದಕ್ಕೆಂದು ಹಾನ್ಸ್ ಎರ್ಡ್‌ಮನ್ ಬರೆದ ಸಂಗೀತವನ್ನು ಮತ್ತೆ ಜೋಡಿಸಿ ನುಡಿಸಿರುವ ಪ್ರತಿ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ದನಿ ನಿಲ್ಲಿಸಿ ಹಾರ್ಮೋನಿಯಂ ಬಲ್ಲವರೊಬ್ಬರನ್ನು ಕೂರಿಸಿದರೂ ನಡೆಯುತ್ತದೆ. ಗುಬ್ಬಿ ನಾಟಕ ಕಂಪನಿಯ ಜಿಲ್ಲೆಯಾದ ನಮ್ಮ ತುಮಕೂರಿನಲ್ಲಿ ಅಂಥವರಿಗೆ ಬರವಿಲ್ಲ. ನಡುನಡುವೆ ಬರುವ ಬರಹದ ಫಲಕಗಳನ್ನು ಒಬ್ಬರು ಜೋರಾಗಿ ಕನ್ನಡದಲ್ಲಿ ಓದುತ್ತಾ ಹೋದರೆ ಇಂಗ್ಲಿಷ್ ಬಾರದ ಅಜ್ಜಿಯೂ ಕೊನೆವರೆಗೆ ಕೂರುತ್ತಾರೆ. ಸಬ್‌ಟೈಟಲಿನ ತಾಪತ್ರಯ ಇಲ್ಲದ ವ್ಯಾಂಪೈರ್ ಚಿತ್ರ ಬೇಕೆಂದರೆ ಇದೇ ಮೊದಲು.

1979ರಲ್ಲಿ ವರ್ನರ್ ಹೆರ್ಜೋಗ್ ಇದೇ ಕಥೆಯನ್ನು ಕ್ಲಾಸ್ ಕಿನ್ಸ್ಕಿಯನ್ನು ಹಾಕಿಕೊಂಡು ತೆಗೆದರು, 107 ನಿಮಿಷ. ಇಲ್ಲಿ ವ್ಯಾಂಪೈರನ್ನು ನೋಡಿದರೆ ಹೆದರಿಕೆಗಿಂತ ಅಯ್ಯೋ ಅನ್ನಿಸುತ್ತದೆ. ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಿಸಿದ್ದಾರೆ. ಜರ್ಮನ್‌ನದ್ದನ್ನೇ ಆರಿಸಿ, ಇಂಗ್ಲಿಷಿನದ್ದರಲ್ಲಿ ಮಾತುಗಳು ಸೆಟೆದುಕೊಂಡಂತಿವೆ. ಇದು ನಿಧಾನದ ಚಿತ್ರ. ಊಟವಾದ ಮೇಲೆ ಹಾಕಿದರೆ ಅರ್ಧ ಜನ ಮಲಗಿರುತ್ತಾರೆ.

2024ರ ರಾಬರ್ಟ್ ಎಗರ್ಸ್ ಅವರದ್ದು 132 ನಿಮಿಷ, ಓರ್ಲಾಕ್ ಆಗಿ ಬಿಲ್ ಸ್ಕಾರ್ಸ್‌ಗಾರ್ಡ್, ನಾಯಕಿ ಎಲೆನ್ ಆಗಿ ಲಿಲಿ-ರೋಸ್ ಡೆಪ್. ಮೂರರಲ್ಲಿ ನಿಜಕ್ಕೂ ಮೈ ಜುಮ್ಮೆನ್ನಿಸುವುದು ಇದು, ಆದರೆ ಪರದೆಯ ವಿಷಯದಲ್ಲಿ ತೀರಾ ಹಟಮಾರಿ. ಬಹುಪಾಲು ದೃಶ್ಯಗಳು ಮೇಣದಬತ್ತಿ ಅಥವಾ ತಿಂಗಳ ಬೆಳಕಿನ ಕತ್ತಲಲ್ಲಿವೆ. ತಾರಸಿಯ ಪ್ರೊಜೆಕ್ಟರಿಗೆ ಇದನ್ನು ಹಾಕಿದರೆ ಬೂದು ಗೋಡೆ ನೋಡಿದಂತೆ. ಒಳ್ಳೆಯ ಟಿವಿ, ಪರದೆ ಎಳೆದು ಕತ್ತಲಾಗಿಸಿದ ಕೋಣೆ, ದೊಡ್ಡವರು ಮಾತ್ರ: ಹೀಗಿದ್ದರೆ ಸರಿ.

ತಾರಸಿ, ಬೆಡ್‌ಶೀಟು, ಡೇಟಾ

ತುಮಕೂರಿನಲ್ಲಿ ಇಂಗ್ಲಿಷ್ ಹಾರರ್ ಚಿತ್ರಗಳು ಥಿಯೇಟರಿಗೆ ಬಂದರೂ ಹೆಚ್ಚು ದಿನ ನಿಲ್ಲುವುದಿಲ್ಲ. ಐಮ್ಯಾಕ್ಸ್ ಬೇಕೆಂದರೆ 70 ಕಿ.ಮೀ. ದೂರದ ಬೆಂಗಳೂರಿಗೇ ಹೋಗಬೇಕು, ನೆಲಮಂಗಲದ ಟ್ರಾಫಿಕ್ ಬೇರೆ. ಆದ್ದರಿಂದ ಮನೆ ಅಥವಾ ತಾರಸಿಯೇ ಗತಿ.

ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲೆ ಬರೆದಿರುವ ಸಾವಿರಾರು ಲ್ಯೂಮೆನ್ಸ್ (ಬೆಳಕಿನ ಅಳತೆ) ನಂಬಬೇಡಿ, ಗೊತ್ತುಪಡಿಸಿದ ಕ್ರಮದಲ್ಲಿ ಅಳೆದ ಆನ್ಸಿ ಲ್ಯೂಮೆನ್ಸ್ ಎಷ್ಟೆಂದು ನೋಡಿ. 200 ಆನ್ಸಿಯದ್ದಾದರೆ ಚಿತ್ರವನ್ನು 60-70 ಇಂಚಿಗಿಂತ ಹಿಗ್ಗಿಸಬೇಡಿ; ಹಿಗ್ಗಿಸಿದಷ್ಟೂ ಬೆಳಕು ತೆಳುವಾಗುತ್ತದೆ. ಒಂದೇ ಪದರದ ಬೆಡ್‌ಶೀಟಿನಲ್ಲಿ ಸಾಕಷ್ಟು ಬೆಳಕು ಆಚೆಬದಿಗೆ ಸೋರಿಹೋಗುತ್ತದೆ. ಶೀಟನ್ನು ಎರಡು ಮಡಿಕೆ ಮಾಡಿ, ಹಿಂದೊಂದು ಕಪ್ಪು ಬಟ್ಟೆ ಕಟ್ಟಿ, ಕೆಳಗಿನ ಅಂಚಿಗೆ ಗಾಳಿಗೆ ಹಾರದಂತೆ ಕೋಲು ಹಾಯಿಸಿ. ಬೀದಿದೀಪ ಪರದೆಯ ಬೆನ್ನಿಗೆ ಇರಲಿ, ಮುಖಕ್ಕೆ ಬೇಡ. ಮೇ ತಿಂಗಳಲ್ಲಿ 7.30ಕ್ಕೆ ಮೊದಲು ಶುರು ಮಾಡಿದರೆ ಆಕಾಶದ ಬೆಳಕೇ ಚಿತ್ರವನ್ನು ನುಂಗುತ್ತದೆ. ಬ್ಲೂಟೂತ್ ಸ್ಪೀಕರಿಗೆ ಹಾಕಿದರೆ ತುಟಿ ಮೊದಲು, ಮಾತು ಆಮೇಲೆ. ಎರಡು ಮೂರು ಮೀಟರಿನ ಆಕ್ಸ್ ವೈರ್ ತಂದರೆ ಆ ಕಾಟ ಇಲ್ಲ.

ಟಿವಿಯಾದರೆ ಪಿಕ್ಚರ್ ಮೋಡನ್ನು ‘ಸಿನಿಮಾ’ಕ್ಕೆ ಇಡಿ, ‘ವಿವಿಡ್’ ಬೇಡ. ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. ಎನರ್ಜಿ ಸೇವಿಂಗ್ ಕೂಡ ಆಫ್. ಅದು ಪರದೆಯ ಬೆಳಕನ್ನೇ ತಗ್ಗಿಸುತ್ತದೆ, ಕತ್ತಲ ದೃಶ್ಯಗಳು ಕಾಣದಂತಾಗುತ್ತವೆ.

ಇನ್ನು ಡೇಟಾ. ಎರಡು ಗಂಟೆಯ ಎಚ್‌ಡಿ ಚಿತ್ರಕ್ಕೆ 6 ಜಿಬಿವರೆಗೆ ಬೇಕಾಗಬಹುದು. ದಿನಕ್ಕೆ 2 ಜಿಬಿ ಪ್ಯಾಕಿನ ಹಾಟ್‌ಸ್ಪಾಟ್ ನಂಬಿ ಕೂತರೆ ನಡುವೆಯೇ ಮುಗಿದು ಚಿತ್ರದ ಗುಣಮಟ್ಟ ಕುಸಿಯುತ್ತದೆ. ಹಾಗೆ ಕುಸಿದಾಗ ಮೊದಲು ಕೆಡುವುದು ಕತ್ತಲೆ: ಕಪ್ಪು ಭಾಗಗಳೆಲ್ಲ ಚೌಕಚೌಕವಾಗಿ ಒಡೆದು ತೇಲುತ್ತವೆ. ವ್ಯಾಂಪೈರ್ ಚಿತ್ರದಲ್ಲಿ ಕಪ್ಪೇ ಹೆಚ್ಚು ಎನ್ನುವುದನ್ನು ಮರೆಯಬೇಡಿ. (ಪ್ಯಾಕು ರಾತ್ರಿ ಹನ್ನೆರಡಕ್ಕೆ ಮತ್ತೆ ಜೀವ ಪಡೆಯುತ್ತದೆ, ಅದು ಬೇರೆ ಮಾತು.) ಹಿಂದಿನ ದಿನವೇ ವೈಫೈ ಇರುವ ಕಡೆ ಹೆಚ್ಚಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಡ್ರಾಕುಲಾ ಬೇಕೆಂದರೆ ಯಾರ ಡ್ರಾಕುಲಾ?

ಕಪ್ಪು ನಿಲುವಂಗಿ, ಹಿಂದಕ್ಕೆ ಬಾಚಿದ ಕೂದಲು, ಎಳೆದೆಳೆದು ಆಡುವ ಇಂಗ್ಲಿಷು: ಈ ಚಹರೆ ಬಂದದ್ದು 1931ರ ‘ಡ್ರಾಕುಲಾ’ದ ಬೆಲಾ ಲುಗೋಸಿಯಿಂದ. ನಿರ್ದೇಶಕ ಟಾಡ್ ಬ್ರೌನಿಂಗ್, 75 ನಿಮಿಷ. ಮೊದಲ ಇಪ್ಪತ್ತು ನಿಮಿಷದ ಕೋಟೆಯ ಭಾಗ ಈಗಲೂ ಗಟ್ಟಿ. ಆಮೇಲೆ ಪಡಸಾಲೆಯಲ್ಲಿ ಕೂತು ಮಾತಾಡುವ ನಾಟಕವಾಗುತ್ತದೆ. ಲುಗೋಸಿಯ ಕೋರೆಹಲ್ಲು ಒಮ್ಮೆಯೂ ಕಾಣುವುದಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲವೆನ್ನುವಷ್ಟು ಕಮ್ಮಿ. ಆ ಮೌನವೇ ಸೊಗಸು ಎನ್ನುವವರಿದ್ದಾರೆ, ಅದನ್ನು ತಡೆಯಲಾರದವರಿಗೆ 1999ರಲ್ಲಿ ಫಿಲಿಪ್ ಗ್ಲಾಸ್ ಸಂಗೀತ ಸೇರಿಸಿದ ಪ್ರತಿಯೂ ಇದೆ. ಇದೇ ಸೆಟ್ಟಿನಲ್ಲಿ ರಾತ್ರಿಪಾಳಿಯಲ್ಲಿ ಬೇರೆ ತಂಡ ತೆಗೆದ ಸ್ಪ್ಯಾನಿಷ್ ‘ಡ್ರಾಕುಲಾ’ದಲ್ಲಿ ಕ್ಯಾಮೆರಾ ಇನ್ನೂ ಚುರುಕು, ಆದರೆ ಲುಗೋಸಿ ಇಲ್ಲ. ಕನ್ನಡಿಯ ಕಟ್ಟಳೆಗೆ 1931ರದ್ದೇ ನೋಡಬೇಕು: ಸಿಗರೇಟು ಡಬ್ಬಿಯ ಮುಚ್ಚಳದ ಒಳಗಿನ ಪುಟ್ಟ ಕನ್ನಡಿಯಲ್ಲಿ, ಡ್ರಾಕುಲಾನ ಬೆನ್ನು ಹತ್ತಿದ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್‌ಗೆ ಎದುರಿನ ಹುಡುಗಿ ಕಾಣುತ್ತಾಳೆ, ಅವಳ ಪಕ್ಕದಲ್ಲಿ ನಿಂತವನು ಕಾಣುವುದಿಲ್ಲ. ಆ ಡಬ್ಬಿಯನ್ನು ಮುಂದೆ ಹಿಡಿದಾಗ ಡ್ರಾಕುಲಾ ಅದನ್ನು ಕೈಯಿಂದ ಅಪ್ಪಳಿಸುವ ಆ ಒಂದು ಕ್ಷಣದಲ್ಲಿ ಅವನ ಸಭ್ಯತೆ ಪೂರ್ತಿ ಕಳಚಿ ಬೀಳುತ್ತದೆ.

1958ರ ಹ್ಯಾಮರ್ ಕಂಪನಿಯ ‘ಡ್ರಾಕುಲಾ’ ಬಣ್ಣದ್ದು, 82 ನಿಮಿಷ, ಟೆರೆನ್ಸ್ ಫಿಶರ್ ನಿರ್ದೇಶನ. ಕ್ರಿಸ್ಟೋಫರ್ ಲೀ ತೆರೆಯ ಮೇಲಿರುವುದು ಕೆಲವೇ ನಿಮಿಷ, ಕಥೆ ಎಳೆಯುವುದು ವ್ಯಾನ್ ಹೆಲ್ಸಿಂಗ್ ಆದ ಪೀಟರ್ ಕುಶಿಂಗ್. ಓಟ, ಬೆನ್ನಟ್ಟುವಿಕೆ, ಕೆಂಪುಕೆಂಪಾದ ರಕ್ತ. ಮನೆಮಂದಿಗೆಲ್ಲ ಒಂದು ಡ್ರಾಕುಲಾ ತೋರಿಸಬೇಕು, ಬೇಗ ಮುಗಿಯಬೇಕು ಎಂದರೆ ನಮ್ಮ ಓಟು ಇದಕ್ಕೇ.

ಕಾಪೊಲಾ ಅವರ 1992ರದ್ದು 128 ನಿಮಿಷ, ಗ್ಯಾರಿ ಓಲ್ಡ್‌ಮನ್ ಡ್ರಾಕುಲಾ. ಕಂಪ್ಯೂಟರ್ ಬಿಟ್ಟು ಹಳೆಯ ಕಾಲದ ಕ್ಯಾಮೆರಾ ಕೈಚಳಕಗಳಿಂದಲೇ ಮಾಡಿದ ಚಿತ್ರ: ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರೀಕರಣ, ಹಿಮ್ಮುಖ ಓಟ, ಒಡೆಯನನ್ನು ಬಿಟ್ಟು ತಾನೇ ಅಲುಗಾಡುವ ನೆರಳು. ಎಯ್ಕೊ ಇಶಿಯೋಕಾ ಅವರ ಉಡುಪು, ಮೇಕಪ್, ಸೌಂಡ್ ಎಡಿಟಿಂಗ್‌ಗೆ ಮೂರು ಆಸ್ಕರ್ ಬಂದವು. ಕಿಯಾನು ರೀವ್ಸ್‌ನ ಇಂಗ್ಲಿಷ್ ಉಚ್ಚಾರಕ್ಕೆ ಮಾತ್ರ ಯಾರೂ ಏನೂ ಮಾಡಲಾರರು. ನಗ್ನತೆ ಸಾಕಷ್ಟಿದೆ, ಹಿರಿಯರ ಜೊತೆ ಕೂರಬೇಡಿ. ಅವಧಿ 123 ನಿಮಿಷ ಎಂದು ತೋರಿಸುವ ಹಳೆಯ ಡಿವಿಡಿ ಸಿಕ್ಕರೆ ಕತ್ತರಿ ಬಿದ್ದಿದೆ ಎಂದುಕೊಳ್ಳಬೇಕಾಗಿಲ್ಲ. ಸೆಕೆಂಡಿಗೆ 25 ಚೌಕಟ್ಟಿನ ಟಿವಿ ಪದ್ಧತಿಗೆ ಹಾಕಿದಾಗ ಎಲ್ಲ ಚಿತ್ರವೂ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ.

ಹೊಸ್ತಿಲು

ಹಳೆಯ ಮನೆಗಳ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರಿಗೆ ಈ ಕಟ್ಟಳೆ ವಿವರಿಸಬೇಕಿಲ್ಲ. ಗೊತ್ತಿರುವವರ ದನಿಯಲ್ಲೇ ಹೆಸರಿಡಿದು ಕರೆಯುವ ದೆವ್ವ, ಬಾಗಿಲ ಬರಹ ಓದಿ ಹಿಂದಿರುಗುತ್ತದೆ. ನಮ್ಮ ದೆವ್ವಕ್ಕೆ ಒಳಗಿನಿಂದ ಓಗೊಡಬೇಕು, ಯುರೋಪಿನದಕ್ಕೆ ‘ಒಳಗೆ ಬಾ’ ಅನ್ನಬೇಕು.

ಸ್ವೀಡನ್ನಿನ ‘ಲೆಟ್ ದ ರೈಟ್ ಒನ್ ಇನ್’ (2008, ತೋಮಸ್ ಆಲ್ಫ್ರೆಡ್ಸನ್, 114 ನಿಮಿಷ) ಪೂರ್ತಿ ನಿಂತಿರುವುದು ಈ ಹೊಸ್ತಿಲಿನ ಮೇಲೆ. 1982ರ ಸ್ಟಾಕ್‌ಹೋಮ್ ಹೊರವಲಯ, ಹಿಮ, ಶಾಲೆಯಲ್ಲಿ ಏಟು ತಿನ್ನುವ ಹನ್ನೆರಡರ ಹುಡುಗ ಓಸ್ಕರ್, ಪಕ್ಕದ ಮನೆಗೆ ಬಂದ ಎಲಿ. ಕರೆಯದೆ ಒಳಗೆ ಬಂದರೆ ಏನಾಗುತ್ತದೆ ಎಂದು ಓಸ್ಕರ್ ಕೆಣಕುತ್ತಾನೆ, ಬಾಯಿಬಿಟ್ಟು ಕರೆಯದೆ ಕೈಸನ್ನೆಯಲ್ಲಿ ‘ಬಾ ನೋಡೋಣ’ ಎನ್ನುತ್ತಾನೆ. ಎಲಿ ಒಳಗೆ ಬಂದು ಸುಮ್ಮನೆ ನಿಲ್ಲುತ್ತದೆ. ಮೈ ನಡುಗತೊಡಗುತ್ತದೆ. ಬೆನ್ನಿನಿಂದ ಬಟ್ಟೆಗೆ ರಕ್ತ ಒಸರುತ್ತದೆ, ಆಮೇಲೆ ಕಣ್ಣು, ಕಿವಿ. ಇಷ್ಟಾದರೂ ಅದು ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ. ಹುಡುಗ ಗಾಬರಿಯಾಗಿ ‘ಬಾ, ಬರಬಹುದು’ ಎಂದು ಕೂಗುವವರೆಗೂ ಅಲ್ಲೇ. ನೂರು ವರ್ಷದ ಹಳೆಯ ಕಟ್ಟಳೆ ಇಷ್ಟು ನೋಯುವಂತೆ ಬೇರೆ ಯಾವ ಚಿತ್ರದಲ್ಲೂ ಬಂದಿಲ್ಲ. ಒಂದೇ ಒಂದು ವ್ಯಾಂಪೈರ್ ಚಿತ್ರ ಹೇಳಿ ಎಂದರೆ ಇದನ್ನೇ ಹೇಳಬೇಕು.

ಎಚ್ಚರಿಕೆ ಎರಡು. ಪೋಸ್ಟರಿನಲ್ಲಿ ಮಕ್ಕಳಿದ್ದಾರೆಂದು ಮಕ್ಕಳಿಗೆ ತೋರಿಸಬೇಡಿ. ಹಾಗೆಯೇ ಸಬ್‌ಟೈಟಲಿನಲ್ಲಿ ಎರಡು ಬಗೆ ಇವೆ: ಅಮೆರಿಕದಲ್ಲಿ ಬಂದ ಮೊದಲ ಡಿಸ್ಕ್‌ಗಳಲ್ಲಿ ಮಾತುಗಳನ್ನು ಮೊಟಕು ಮಾಡಿ ರುಚಿ ಕೆಡಿಸಿದ್ದರು, ಗಲಾಟೆಯಾದ ಮೇಲೆ ಥಿಯೇಟರಿನ ಸಬ್‌ಟೈಟಲ್ ಇರುವ ಮುದ್ರಣ ತಂದರು. ಇಬ್ಬರು ಮಾತಾಡುತ್ತಲೇ ಇದ್ದು ಕೆಳಗೆ ಎರಡೇ ಪದ ಕಂಡರೆ ನಿಮ್ಮದು ಕೆಟ್ಟ ಪ್ರತಿ. ಇಂಗ್ಲಿಷ್ ಡಬ್ಬಿಂಗಿನ ತಂಟೆಗೆ ಹೋಗಬೇಡಿ. ಹಿಮದ ಮೇಲೆ ಬಿಳಿ ಅಕ್ಷರ ಓದಲಾಗುವುದಿಲ್ಲ, ಪ್ಲೇಯರಿನಲ್ಲಿ ಹಳದಿ ಬಣ್ಣ ಮತ್ತು ಕಪ್ಪು ಅಂಚು ಕೊಟ್ಟುಕೊಳ್ಳಿ. ಓದುವುದೇ ಬೇಡ ಎನ್ನುವವರಿಗೆ 2010ರ ಇಂಗ್ಲಿಷ್ ರೀಮೇಕ್ ‘ಲೆಟ್ ಮಿ ಇನ್’ ಇದೆ, ಪರವಾಗಿಲ್ಲ.

ಇದೇ ಹೊಸ್ತಿಲನ್ನು ಗದ್ದಲದ ರಾತ್ರಿಯನ್ನಾಗಿ ಮಾಡಿದ್ದು 2025ರ ‘ಸಿನ್ನರ್ಸ್’. ರಯಾನ್ ಕೂಗ್ಲರ್ ನಿರ್ದೇಶನ, ಮೈಕಲ್ ಬಿ. ಜೋರ್ಡನ್ ಅವಳಿ ಅಣ್ಣತಮ್ಮಂದಿರಾಗಿ. 1932ರ ಮಿಸಿಸಿಪ್ಪಿ, ಹಳೆಯ ಮರ ಕೊಯ್ಯುವ ಮಿಲ್ಲಿನಲ್ಲಿ ಕಪ್ಪು ಜನರ ಹಾಡು-ಕುಣಿತ, ಬಾಗಿಲಾಚೆ ಒಳಗೆ ಕರೆಯಿರಿ ಎಂದು ಕಾಯುವವರು. ಮೊದಲರ್ಧದಲ್ಲಿ ವ್ಯಾಂಪೈರ್ ಸುಳಿವು ಕಮ್ಮಿ. ‘ಯಾವಾಗ ಬರುತ್ತೆ’ ಎಂದು ಕೇಳುವ ಸ್ನೇಹಿತರಿಗೆ ಮುಂಚೆಯೇ ಹೇಳಿಬಿಡಿ. ಈ ಚಿತ್ರಕ್ಕೆ ಕಣ್ಣಿಗಿಂತ ಕಿವಿ ಮುಖ್ಯ, ಟಿವಿಯ ಸ್ಪೀಕರಿನಲ್ಲಿ ಅರ್ಧ ಚಿತ್ರ ಕಳೆದುಹೋಗುತ್ತದೆ. ಇದರ ಬಹುಭಾಗ 2.76:1ರ (ಎತ್ತರದ 2.76 ಪಟ್ಟು ಅಗಲದ) ಅಗಲಪಟ್ಟಿಯಲ್ಲಿದೆ, 43 ಇಂಚಿನ ಟಿವಿಯ ಅಗಲ 95 ಸೆಂ.ಮೀ., ಅದರಲ್ಲಿ ಚಿತ್ರದ ಎತ್ತರ ಬರೀ 34 ಸೆಂ.ಮೀ. ಹತ್ತಿರ ಕೂರಿ. ಕಪ್ಪುಪಟ್ಟಿ ತೆಗೆಯಲೆಂದು ಜೂಮ್ ಒತ್ತಿದರೆ ಅವಳಿಗಳಲ್ಲಿ ಒಬ್ಬ ಪರದೆಯಾಚೆ ಹೋಗುತ್ತಾನೆ.

ಹಸಿವು, ಬೇಸರ, ನಗು

ಪಾರ್ಕ್ ಚಾನ್-ವೂಕ್ ಅವರ ಕೊರಿಯನ್ ಚಿತ್ರ ‘ಥರ್ಸ್ಟ್’ (2009) ನೋಡಲು ಗುಂಡಿಗೆ ಬೇಕು. ಲಸಿಕೆಯ ಪ್ರಯೋಗಕ್ಕೆ ಮೈಯೊಡ್ಡಿದ ಪಾದ್ರಿಯೊಬ್ಬ ರಕ್ತ ಪಡೆದು ವ್ಯಾಂಪೈರ್ ಆಗುತ್ತಾನೆ. ಕೊಲ್ಲಬಾರದು, ಕುಡಿಯದೆ ಬದುಕುವಂತಿಲ್ಲ. ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆದ ಚಿತ್ರ. ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ (1994) ಇದಕ್ಕಿಂತ ಮೆದು. ಟಾಮ್ ಕ್ರೂಸ್, ಬ್ರಾಡ್ ಪಿಟ್ ಇಬ್ಬರನ್ನೂ ಮೀರಿಸುವುದು ಬಾಲಕಿ ಕರ್ಸ್ಟನ್ ಡನ್ಸ್ಟ್: ಮನಸ್ಸು ಬೆಳೆದರೂ ಮೈ ಬೆಳೆಯದ ಮಗುವಿನ ಸಿಟ್ಟು.

ಸಾವಿಲ್ಲದವರ ಬೇಸರಕ್ಕೆ ಜಿಮ್ ಜಾರ್ಮುಷ್ ಅವರ ‘ಓನ್ಲಿ ಲವರ್ಸ್ ಲೆಫ್ಟ್ ಅಲೈವ್’ (2013). ಏನೂ ನಡೆಯುವುದಿಲ್ಲ, ಚೆನ್ನಾಗಿದೆ. ‘ಟ್ವೈಲೈಟ್’ (2008) ಬಗ್ಗೆ ಮೂಗು ಮುರಿಯುವವರೇ ಹೆಚ್ಚು. ಬಿಸಿಲಿಗೆ ಸಾಯುವ ಬದಲು ಮಿನುಗುವ ವ್ಯಾಂಪೈರನ್ನು ಒಪ್ಪಲು ಕಷ್ಟ ನಿಜ, ಆದರೆ ಹೈಸ್ಕೂಲು ದಾಟಿದ ಮಕ್ಕಳ ಜೊತೆ ಕೂರಲು ಮುಜುಗರವಿಲ್ಲ.

ನಗಬೇಕೆಂದರೆ ಯೋಚನೆ ಬೇಡ: ‘ವಾಟ್ ವಿ ಡು ಇನ್ ದ ಶ್ಯಾಡೋಸ್’ (2014), ನ್ಯೂಜಿಲೆಂಡಿನದ್ದು, 86 ನಿಮಿಷ. ಒಂದೇ ಬಾಡಿಗೆ ಮನೆಯಲ್ಲಿ ಇರುವ ವ್ಯಾಂಪೈರುಗಳು ಪಾತ್ರೆ ತೊಳೆಯುವ ಸರದಿಗೆ ಜಗಳವಾಡುತ್ತಾರೆ, ರಾತ್ರಿ ಕ್ಲಬ್ಬಿನ ಬಾಗಿಲಲ್ಲಿ ‘ನಮ್ಮನ್ನು ಒಳಗೆ ಕರೀರಿ ಸ್ವಾಮಿ’ ಎಂದು ಗೋಗರೆಯುತ್ತಾರೆ. ಕಟ್ಟಳೆಗಳು ಗೊತ್ತಿದ್ದಷ್ಟೂ ನಗು ಜಾಸ್ತಿ, ಆದ್ದರಿಂದ ಇದನ್ನು ಮೊದಲ ಚಿತ್ರವಾಗಿ ಹಾಕಬೇಡಿ. 1922ರ ‘ನೊಸ್ಫೆರಾಟು’ ಆದಮೇಲೆ ಹಾಕಿದರೆ ನೆಲಮಾಳಿಗೆಯ ಮುದುಕ ಪೀಟರ್‌ನನ್ನು ಕಂಡ ತಕ್ಷಣ ಎಲ್ಲರಿಗೂ ಗುರುತು ಸಿಗುತ್ತದೆ.

ನಮ್ಮ ಕಡೆಯವು

ರಾಮ್ಸೆ ಸಹೋದರರ ಹಿಂದಿ ಚಿತ್ರ ‘ಬಂದ್ ದರ್ವಾಜಾ’ (1990) ಡ್ರಾಕುಲಾವನ್ನು ಹಾಡು, ಫೈಟಿನ ಸಮೇತ ಇಲ್ಲಿಗೆ ತಂದಿತು. ಅಜಾನುಬಾಹು ಅನಿರುದ್ಧ್ ಅಗರ್ವಾಲ್ ನಿಂತರೆ ಸಾಕು, ಮೇಕಪ್ ಬೇಡ. ಗುಂಪಿನಲ್ಲಿ ಕೂಗಾಡಿಕೊಂಡು ನೋಡಲು ಸರಿ.

2025ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಬಂದವು, ಹೋಲಿಸಲು ಇವೇ ಚೆನ್ನ. ಮಲಯಾಳಂನ ‘ಲೋಕಾ ಚಾಪ್ಟರ್ 1: ಚಂದ್ರ’ ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ರಕ್ತ ಹೀರುವ ಯಕ್ಷಿಯ ಕಥೆಯನ್ನು ಈಗಿನ ಬೆಂಗಳೂರಿಗೆ ತಂದು ಕೂರಿಸುತ್ತದೆ, ಕಲ್ಯಾಣಿ ಪ್ರಿಯದರ್ಶನ್ ನಾಯಕಿ. ಅಕ್ಟೋಬರಿನಲ್ಲಿ ದೀಪಾವಳಿಗೆ ಬಂದ ಹಿಂದಿಯ ‘ಥಾಮಾ’ ಬೇತಾಳನನ್ನು ಹಿಡಿದುಕೊಂಡಿದೆ, ಆಯುಷ್ಮಾನ್ ಖುರಾನಾ ಮತ್ತು ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ. ಎರಡೂ ಹಲ್ಲಿಗಿಂತ ಹೊಡೆದಾಟವನ್ನೇ ಹೆಚ್ಚು ನಂಬಿವೆ. ಆದರೂ ‘ಲೋಕಾ’ ತನ್ನ ಯಕ್ಷಿಗೆ ಒಂದು ಹಿಂದಿನ ಕಥೆ, ಒಂದು ಗಾಯ ಕೊಟ್ಟಿದೆ, ಹಾಗಾಗಿ ಅವಳ ಹಸಿವು ನಮಗೆ ತಾಗುತ್ತದೆ. ‘ಥಾಮಾ’ ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಗಿಸಲು ಹೋಗಿ ತನ್ನದೇ ಕಟ್ಟಳೆಗಳನ್ನು ಸಡಿಲ ಬಿಡುತ್ತದೆ. ಬೇತಾಳನ ಕಥೆ ಕೇಳಿ ಬೆಳೆದ ಮನೆಯವರಿಗೆ ಹಾಕಲು ‘ಥಾಮಾ’, ನೀವೇ ಕೂತು ನೋಡಲು ‘ಲೋಕಾ’. ಯಾವುದಾದರೂ ಸರಿ, ಒತ್ತುವ ಮೊದಲು ಆಡಿಯೋ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ. ಎಷ್ಟೋ ಸಲ ಇದ್ದರೂ ಆ್ಯಪ್ ತಾನಾಗಿ ಹಿಂದಿಯಲ್ಲೇ ಶುರು ಮಾಡುತ್ತದೆ.

ಸಣ್ಣ ಮಕ್ಕಳಿದ್ದರೆ ಮೇಲಿನ ಯಾವುದೂ ಬೇಡ, ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ (2012) ಹಾಕಿ. ಒಂದೂವರೆ ಗಂಟೆಯ ಕಾರ್ಟೂನ್, ಮಗಳ ಮೇಲೆ ಪ್ರಾಣ ಇಟ್ಟುಕೊಂಡ ಡ್ರಾಕುಲಾ. ಅವರು ಮಲಗಿದ ಮೇಲೆ 1958ರದ್ದಕ್ಕೆ ಇನ್ನೂ ಸಮಯವಿರುತ್ತದೆ.